ಹಲ್ಲಿನಲ್ಲಿ ಕಡಿದ ಟೇಪು

ಗಂಡ ಹೋದ ಮೇಲೂ ಅವನ ಫೋನಿಗೆ ಚಾರ್ಜ್ ಹಾಕುವುದನ್ನು ಅವಳು ಬಿಟ್ಟಿರಲಿಲ್ಲ. ಅವತ್ತು ಬೆಳಿಗ್ಗೆ ಆ ಫೋನಿಗೆ ಅವನು ಆಡುತ್ತಿದ್ದ ಆಟದ ಕಂಪನಿಯಿಂದ ಒಂದು ಸಂದೇಶ ಬಂತು. ಹಳೆಯ ಚರ್ಚಿನ ಸಮಾಧಿಗಳ ಹಿಂದಿನ ಕಾಡುದಾರಿಯಲ್ಲಿ ನೀವು ಬಚ್ಚಿಟ್ಟ ಡಬ್ಬಿ ಒಡೆದಿದೆಯೆಂದು ಹೋದ ವಾರ ದೂರು ಬಂದಿದೆ, ಸರಿಪಡಿಸದಿದ್ದರೆ ನಕ್ಷೆಯಿಂದ ತೆಗೆದುಹಾಕಬೇಕಾಗುತ್ತದೆ.

ಅದು ಅವನ ಹುಚ್ಚು. ಕಾಡಿನಲ್ಲಿ ಡಬ್ಬಿ ಬಚ್ಚಿಟ್ಟು, ಜಾಗದ ಗುರುತನ್ನು ಆಟದ ನಕ್ಷೆಗೆ ಹಾಕುವುದು. ಮುಖ ಕಾಣದ ಯಾರೋ ಫೋನ್ ಹಿಡಿದು ಹುಡುಕಿಕೊಂಡು ಬಂದು, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಮತ್ತೆ ಅಲ್ಲೇ ಇಟ್ಟು ಹೋಗುವುದು. ಬಹುಮಾನವಿಲ್ಲ, ಏನೂ ಇಲ್ಲ.

"ಎಲ್ಲಿಗೆ ಹೊರಟೆ?" ಅತ್ತೆ ಕೇಳಿದರು.

"ಆ ಡಬ್ಬಿ ತರೋದಕ್ಕೆ."

"ತಂದು?"

"ಇಟ್ಕೋತೀನಿ."

ಅತ್ತೆ ಚಪ್ಪಲಿ ಮೆಟ್ಟಿಕೊಂಡರು.

"ಮಂಡಿ ನೋವು ಅಂತಿದ್ರಲ್ಲ ಅತ್ತೆ."

"ಮನೇಲಿ ಕೂತ್ರೂ ನೋಯುತ್ತೆ ಅದು. ನಡಿ."

ಅವನು ಎಲೆಕ್ಟ್ರಿಷಿಯನ್. ಯಾರದೋ ಮನೆಯ ಸ್ವಿಚ್‌ಬೋರ್ಡ್ ಬಿಚ್ಚುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಬಂದ ನೆಂಟರು ಒಳ್ಳೆಯ ಮನಸ್ಸಿನಿಂದಲೇ ಮನೆ ತೊಳೆದರು, ಅಂಗಿಗಳನ್ನು ಒಗೆದರು, ಉಪಕರಣದ ಪೆಟ್ಟಿಗೆಯನ್ನು ಅವನ ಜೊತೆ ಕೆಲಸ ಮಾಡುತ್ತಿದ್ದವನಿಗೆ ಕೊಟ್ಟರು. ಗಂಡ ಮುಟ್ಟಿದ್ದು ಮುಟ್ಟಿದ ಹಾಗೇ ಉಳಿದದ್ದು ಒಂದೂ ಇರಲಿಲ್ಲ. ಆ ಡಬ್ಬಿಯ ಮೈತುಂಬ ಸುತ್ತಿದ ಕಪ್ಪು ಟೇಪೊಂದು ಮಾತ್ರ ಅವನ ಕೈಯದು. ಕತ್ತರಿ ಪಕ್ಕದಲ್ಲೇ ಇದ್ದರೂ ಅವನು ಟೇಪನ್ನು ಹಲ್ಲಿನಲ್ಲೇ ಕಡಿಯುತ್ತಿದ್ದ. ತುದಿಯಲ್ಲಿ ಹಲ್ಲಿನ ಗುರುತು ಇರಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಪಾಚಿ ಹಿಡಿದು ಹೆಸರುಗಳು ಅಳಿಸಿಹೋಗಿದ್ದ ಕಲ್ಲುಗಳ ನಡುವೆ ಹಾದು ಹಿಂದಿನ ಗೋಡೆಯ ಸಂದಿನಿಂದ ಕಾಡಿಗೆ ಇಳಿದರು. ಫೋನಿನ ಬಾಣ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತಿತ್ತು.

"ಅದಕ್ಕೇ ದಾರಿ ಗೊತ್ತಿಲ್ಲ, ನಮಗೇನು ತೋರ್ಸುತ್ತೆ?" ಅತ್ತೆ ಏದುಸಿರು ಬಿಟ್ಟರು. "ಚಿಕ್ಕವನಿದ್ದಾಗಲೂ ಹೀಗೇ ಕಣೆ. ನನ್ನ ಕನ್ನಡಕ ಬಚ್ಚಿಟ್ಟು, 'ಹುಡುಕಮ್ಮಾ' ಅನ್ನೋನು. ಕನ್ನಡಕ ಇಲ್ದೆ ಏನಂತ ಹುಡುಕಲಿ?"

ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ.

ಉರುಳಿಬಿದ್ದ ಮರದ ಬೇರಿನ ಪೊಟರೆಗೆ ಕೈ ಹಾಕಿದಾಗ ಡಬ್ಬಿ ಸಿಕ್ಕಿತು. ತರಗೆಲೆ ಒರೆಸಿ ನೋಡಿದಳು. ಮುಚ್ಚಳ ಗಟ್ಟಿಯಾಗಿತ್ತು. ಟೇಪು ಹೊಳೆಯುತ್ತಿತ್ತು. ತುದಿಯನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದರು.

"ಸಿಕ್ತಲ್ಲ!" ಅಂದರು ಅತ್ತೆ.

"ಇದು ಅವರದ್ದಲ್ಲ."

ಫೋನಿನಲ್ಲಿ ಡಬ್ಬಿಯ ಪುಟ ತೆರೆದಳು. ಬೆಳಗಿನ ಆತುರದಲ್ಲಿ ಅದನ್ನು ನೋಡಿರಲಿಲ್ಲ. 'ಆಮೆ' ಎಂಬ ಹೆಸರಿನ ಆಟಗಾರ ನಿನ್ನೆ ಸಂಜೆ ಬರೆದಿದ್ದ: ಹಳೆಯದು ಒಡೆದು ನೀರು ತುಂಬಿತ್ತು, ನೀವು ಯಾಕೆ ಅಲೆಯಬೇಕು ಅಂತ ನಾನೇ ಹೊಸದು ಇಟ್ಟಿದ್ದೇನೆ. ಈ ಆಟದವರಲ್ಲಿ ಇದು ಉಪಕಾರ. ಅವಳ ಗಂಡನೂ ಯಾರ್ಯಾರದೋ ಒಡೆದ ಡಬ್ಬಿಗಳಿಗೆ ಬದಲಿ ಇಟ್ಟು, ಶಿಳ್ಳೆ ಹಾಕುತ್ತ ಮನೆಗೆ ಬಂದದ್ದುಂಟು.

"ಹಳೇದು ಎಲ್ಲಿ ಹಾಕ್ದ ಕೇಳು," ಅಂದರು ಅತ್ತೆ.

ಕೇಳಿದಳು. ಉತ್ತರ ಕೂಡಲೇ ಬಂತು: 'ಸಮಾಧಿ ಗೇಟಿನ ಹತ್ತಿರದ ಕಸದ ತೊಟ್ಟಿಗೆ.'

ಹೊಸ ಡಬ್ಬಿಯನ್ನು ಪೊಟರೆಗೆ ತಳ್ಳಿ ಅವಳು ಓಡಿದಳು. ಅತ್ತೆ ಮಂಡಿ ಹಿಡಿದುಕೊಂಡು ಕುಂಟುತ್ತ ಹಿಂದೆ ಬಂದರು. ತೊಟ್ಟಿ ಖಾಲಿಯಾಗಿತ್ತು. ಆಗಲೇ ಹೊಸ ಚೀಲ ಹಾಕಿ ಅಂಚು ಮಡಿಚಿದ್ದರು.

ಅತ್ತೆ ಬಿಡಲಿಲ್ಲ. ತೊಟ್ಟಿಯ ಹಿಂದೆ ಸಮಾಧಿಗಳಿಂದ ತೆಗೆದ ಬಾಡಿದ ಹೂಗಳ ರಾಶಿ ಇತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬರಿಗೈಯಲ್ಲಿ ಕೆದಕತೊಡಗಿದರು. ಕೊಳೆತ ನೀರು ಮೊಣಕೈವರೆಗೂ ಹರಿಯಿತು.

"ಅತ್ತೆ, ಸಾಕು ಬನ್ನಿ."

"ಕೆಳಗೆಲ್ಲಾದ್ರೂ ಬಿದ್ದಿರುತ್ತೆ, ತಡಿ."

"ಇಲ್ಲ ಅತ್ತೆ."

ಫೋನು ಮತ್ತೆ ಸದ್ದು ಮಾಡಿತು. 'ತುಂಬಾ ದಿನದಿಂದ ಕಾಣಿಸ್ತಿಲ್ವಲ್ಲ ಅಣ್ಣಾ! ನಿಮ್ಮ ಡಬ್ಬಿ ಹುಡುಕೋದೇ ಒಂದು ಮಜಾ. ಮುಂದಿನದು ಎಲ್ಲಿ ಬಚ್ಚಿಡ್ತೀರಿ?'

ಅವಳು ಗೇಟಿಗೆ ಒರಗಿ ನಿಂತಳು. ಸುದ್ದಿಯನ್ನು ನೆಂಟರಿಗೆ ಹೇಳಿದ್ದು ಮೈದುನ. ಬ್ಯಾಂಕಿಗೆ ಹೇಳಿದ್ದು ಮಾವ. ಅಕ್ಕಪಕ್ಕದವರಿಗೆ ಯಾರೂ ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಅವಳು ಹೇಳುವುದಕ್ಕೆ ಅಂತ ಯಾರನ್ನೂ ಬಿಟ್ಟಿರಲಿಲ್ಲ. ಈಗ ಈ ಆಮೆಯೊಬ್ಬ ಉಳಿದುಕೊಂಡಿದ್ದ.

ಬರೆದಳು, ಅಳಿಸಿದಳು, ಮತ್ತೆ ಬರೆದಳು, ಕಳಿಸಿದಳು.

ಅತ್ತೆ ರಾಶಿಯಿಂದ ತಲೆಯೆತ್ತಿದರು. "ಏನಂತ ಬರೆದೆ?"

"ಇದ್ದದ್ದನ್ನೇ."

"ಓದು, ಕೇಳೋಣ."

"ನಾನು ಅವರ ಹೆಂಡತಿ. ಹೊಸ ಡಬ್ಬಿ ಇಟ್ಟಿದ್ದಕ್ಕೆ ಥ್ಯಾಂಕ್ಸ್." ಅವಳು ಪರದೆಯ ಮೇಲೆ ಬೆರಳು ಸರಿಸಿದಳು. "ಅವರು ತೀರಿಕೊಂಡರು."

ಅತ್ತೆಯ ಕೈ ಹೂವಿನ ರಾಶಿಯೊಳಗೆ ಹಾಗೇ ನಿಂತಿತು. ಸುದ್ದಿ ಇದೇ ಮೊದಲು ಕಿವಿಗೆ ಬಿದ್ದವರಂತೆ ಸೊಸೆಯ ಮುಖವನ್ನೇ ನೋಡಿದರು, ಆಮೇಲೆ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತುಬಿಟ್ಟರು.