ನಾಲ್ಕನೆಯ ಎಣಿಕೆ

ಸಂದರ್ಶನಕ್ಕೆ ಬಂದಿದ್ದ ರೇಡಿಯೋದವಳು ಮೈಕು ಮುಂದೆ ಹಿಡಿದು ಮೊದಲು ಕೇಳಿದ್ದೇ ಇದು: "ನಿಮ್ಮ ಸೃಜನಶೀಲ ಬದುಕಿನ ಬಗ್ಗೆ ಸ್ವಲ್ಪ ಹೇಳಿ."

ಮೈಯೆಲ್ಲ ಉರಿಯಿತು. ಬೆಳಿಗ್ಗೆಯಿಂದ ಸಂಜೆವರೆಗೆ ಕಂಡವರ ಕಾರಿನ ಡೆಂಟು ತೆಗೆದು, ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಹೊಡೆಯುವವನು ನಾನು. ಉಗುರಿನ ಸಂದಿಯಲ್ಲಿ ಇನ್ನೂ ನಿನ್ನೆಯ ಕೆಂಪು ಬಣ್ಣ ಇತ್ತು. ಎಂಟನೇ ಕ್ಲಾಸಿಗೇ ಶಾಲೆಗೆ ಸಲಾಂ ಹೊಡೆದವನನ್ನು ಕೂರಿಸಿಕೊಂಡು ಸೃಜನಶೀಲ ಬದುಕು ಅಂತೆ.

"ಆರು ಗಂಟೆ ಮೇಲೆ ಇರುತ್ತೆ ಮೇಡಂ," ಅಂದೆ. "ಭಾನುವಾರ ಪೂರ್ತಿ ಇರುತ್ತೆ."

ಪಕ್ಕದಲ್ಲಿದ್ದ ಕಂಬ ನಕ್ಕ. ಕಂಬ ನಮ್ಮ ಬ್ಯಾಂಡಿನ ಬೇಸ್ ಗಿಟಾರಿನವನು. ಆರಡಿ ಮೇಲೆ ಉದ್ದ, ವೇದಿಕೆ ಹತ್ತಿದರೆ ನಿಂತಲ್ಲಿಂದ ಅಲ್ಲಾಡುವುದಿಲ್ಲ, ಅದಕ್ಕೇ ಆ ಹೆಸರು. ನಾನು ಗಿಟಾರು, ಹಾಡು. ಮೂರನೆಯವನು ಡ್ರಮ್ಸು ಬಾರಿಸುತ್ತಿದ್ದ ನನ್ನ ಅಣ್ಣ. ಡ್ರಮ್ಸಿನ ಹಿಂದೆ ಅವನ ಸ್ಟೂಲು ಖಾಲಿ ಇತ್ತು. ಮೂರು ತಿಂಗಳ ಹಿಂದೆ ಕೆಲಸಕ್ಕೆ ಹೋಗುವಾಗ ಅವನ ಸ್ಕೂಟರಿಗೆ ವ್ಯಾನು ಗುದ್ದಿತು. ಅವನೂ ಹೋದ, ಜೇಬಿನಲ್ಲಿದ್ದ ಫೋನೂ ಪುಡಿಯಾಯಿತು.

ನಮ್ಮ ಮೊದಲ ಆಲ್ಬಂ ಕೇಳಿದವರು ಮೂವತ್ತೆಂಟು ಜನ. ಅದರಲ್ಲಿ ಕಂಬನ ಸೋದರತ್ತೆಯ ಮಕ್ಕಳೇ ಆರು. ಈಗ ಎರಡನೆಯದು ಬರುತ್ತದೆ ಅಂದರೆ ರೇಡಿಯೋದವರೇ ಮನೆ ಬಾಗಿಲಿಗೆ ಬರುತ್ತಾರೆ. ಹೋದ ಮೇಲೆ ಅಣ್ಣ 'ಅಪರೂಪದ ಪ್ರತಿಭೆ' ಆಗಿಬಿಟ್ಟಿದ್ದ. ಇದ್ದಾಗ ಎಲ್ಲಿ ಸತ್ತಿದ್ದರೋ ಇವರು. ಆದರೂ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಹುಡುಗಿಯದೇನು ತಪ್ಪು, ಯಾರೋ ಕಳಿಸಿದ್ದಾರೆ, ಬಂದಿದ್ದಾಳೆ.

"ಮೂವರೂ ಒಟ್ಟಿಗೇ ಬಾರಿಸಿ ರೆಕಾರ್ಡ್ ಮಾಡಿದ್ದೀರಂತೆ. ಈಗ ಎಲ್ಲರೂ ಬೇರೆಬೇರೆ ಮಾಡುತ್ತಾರಲ್ಲ?"

"ಅಣ್ಣನ ಹಟ," ಕಂಬ ಹೇಳಿದ. "ಒಬ್ಬೊಬ್ಬರೇ ಬಾರಿಸಿ ಆಮೇಲೆ ಹೊಲಿಗೆ ಹಾಕೋದು ಟೈಲರ್ ಕೆಲಸ ಅಂತಿದ್ದ. ವರ್ಷಕ್ಕೆ ಅವನು ಆಡಿದ ಉದ್ದದ ಮಾತು ಅದೊಂದೇ."

ನಿಜ. ಅಣ್ಣ ಮಾತಿನಲ್ಲಿ ಜಿಪುಣ. ಕರೆದರೆ 'ಹೂಂ', ಬೈದರೆ 'ಹೂಂ'. ಫೋನಿನಲ್ಲೂ ಬೆರಳಲ್ಲಿ ಒತ್ತಿ ಕಳಿಸುತ್ತಿದ್ದನೇ ಹೊರತು ಮಾತಾಡಿ ಕಳಿಸಿದವನಲ್ಲ.

"ಕಾರ್ಯಕ್ರಮದ ಶುರುವಿಗೆ ನಿಮ್ಮ ಅಣ್ಣನ ಧ್ವನಿ ಎರಡು ಸೆಕೆಂಡು ಸಿಕ್ಕರೂ ಸಾಕು. ಹಾಡಲ್ಲ, ಮಾತು. ಇದೆಯಾ?"

ಅಷ್ಟರಲ್ಲಿ ಅಮ್ಮ ಟೀ ತಟ್ಟೆ ಹಿಡಿದು ಒಳಗೆ ಬಂದಳು. ನಾವು ಅಭ್ಯಾಸ ಮಾಡುವ ಈ ಶೆಡ್ಡಿಗೂ ನಮ್ಮ ಅಡುಗೆಮನೆಗೂ ಇರುವುದು ಒಂದೇ ಗೋಡೆ. ಸದ್ದು ಆಚೆ ಹೋಗದಿರಲಿ ಅಂತ ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದ್ದೇವೆ. ಸದ್ದು ಆರಾಮಾಗಿ ಆಚೆ ಹೋಗುತ್ತದೆ.

"ಇರುತ್ತಲ್ಲ," ಅಂದಳು ಅಮ್ಮ, ಲೋಟ ಕೊಡುತ್ತ. "ಪ್ರತಿ ಹಾಡಿಗೂ ಮುಂಚೆ ಒಂದು ಎರಡು ಅಂತ ಎಣಿಸ್ತಿದ್ದ. ನನಗೆ ಆಚೆಗೇ ಕೇಳಿಸೋದು. ಅಷ್ಟು ಹಾಡು ತುಂಬಿಸಿದೀರ, ಅದೂ ಇರಲೇಬೇಕು." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. "ಹುಡುಕಿ ನನಗೂ ಕೇಳಿಸೋ. ಅವನ ಗಂಟಲು ಮರೆತುಹೋಗ್ತಿದೆ. ಮೊನ್ನೆಯಿಂದ ನೆನಪು ಮಾಡ್ಕೊಳ್ತೀನಿ, ನಿನ್ನದೇ ಬರುತ್ತೆ."

ಹಾಡು ಶುರುವಾಗುವ ಮೊದಲು ಅಣ್ಣ ಎರಡು ಕೋಲು ಒಂದಕ್ಕೊಂದು ತಾಕಿಸುತ್ತ ಬಾಯಲ್ಲಿ ಎಣಿಸುತ್ತಿದ್ದ. ನಾಲ್ಕಾದ ಮೇಲೆ ಮೂವರೂ ಒಟ್ಟಿಗೆ ಬೀಳಬೇಕು. ಅದು ನಮಗಾಗಿ ಇರುವ ಎಣಿಕೆ, ಕೇಳುವವರಿಗಲ್ಲ. ಆಲ್ಬಂ ಮಾಡುವಾಗ ಅದನ್ನು ಕತ್ತರಿಸಿ ಬಿಸಾಡುತ್ತೇವೆ. ನಮ್ಮ ಭಾಷೆಯಲ್ಲಿ ಅದಕ್ಕೆ ಹಾಡಿನ ತಲೆ ಬೋಳಿಸುವುದು ಅಂತ ಹೆಸರು. ಬೋಳಿಸುವವನು ನಾನು.

ಅಣ್ಣ ಹೋಗಿ ಮೂರು ವಾರಕ್ಕೆ ಕಂಪ್ಯೂಟರ್ ಮುಂದೆ ಕೂತಿದ್ದೆ. ಯಾರ ಮೇಲೆ ಅಂತಲೇ ಗೊತ್ತಿಲ್ಲದ ಸಿಟ್ಟು. ವ್ಯಾನಿನವನ ಮೇಲೆ, ಸಾಂತ್ವನ ಹೇಳೋಕೆ ಬಂದು ಫ್ಯಾನಿನ ಕೆಳಗಿನ ಕುರ್ಚಿಗೇ ಜಗಳ ಆಡಿದ ನೆಂಟರ ಮೇಲೆ. ಅಣ್ಣನ ಆಲ್ಬಂ ಕನ್ನಡಿ ಹಾಗೆ ಇರಬೇಕು ಅಂತ ಹಲ್ಲು ಕಚ್ಚಿದೆ. ನನಗೆ ಗೊತ್ತಿರುವುದು ಒಂದೇ ವಿದ್ಯೆ. ಬಣ್ಣದ ಕೆಳಗೆ ಒಂದು ಧೂಳಿನ ಕಣ ಉಳಿದರೂ ಮತ್ತೆ ಉಜ್ಜು. ಹಾಗೇ ಉಜ್ಜಿದೆ. ಒಂಬತ್ತು ಹಾಡಿನಲ್ಲಿ ಇದ್ದ ಕೆಮ್ಮು, ಸ್ಟೂಲಿನ ಕಿರ್ರು, ಹಾಡುಗಳ ನಡುವೆ ಅವನು ಆಡಿದ ಒಂದೊಂದು ಮಾತು, ಎಣಿಕೆ, ಎಲ್ಲ ತೆಗೆದೆ. ಕಂಪ್ಯೂಟರಿನಲ್ಲಿ ಜಾಗ ಸಾಲದೆ, ಕತ್ತರಿಸದ ಮೂಲವನ್ನೂ ಅಳಿಸಿದೆ. ಕೆಲಸ ಮುಗಿದಾಗ ಹೆಮ್ಮೆಪಟ್ಟೆ. ನಾನೇ, ಈ ಕೈಯಲ್ಲೇ.

ರೇಡಿಯೋದವಳು ಹೋದ ಮೇಲೆ ಕಂಬನಿಗೆ ಹೇಳಿದೆ. ಅವನು ಬಯ್ಯಲಿ ಅಂತ ಕಾದೆ.

"ಕಂಪ್ಯೂಟರ್ ರಿಪೇರಿಯವನಿಗೆ ತೋರಿಸೋಣ್ವಾ?"

"ಆ ಜಾಗದ ಮೇಲೆ ಮಿಕ್ಸಿಂಗ್ ಎಲ್ಲ ಹತ್ತು ಸಲ ಬರೆದಾಗಿದೆ ಕಣೋ. ಹಳೇದು ಎಲ್ಲಿ ಉಳಿಯುತ್ತೆ."

"ಏಳನೇ ಹಾಡು?" ಅಂದ ಕಂಬ.

ಏಳನೇ ಹಾಡು ನನ್ನ ತಪ್ಪಿನ ಹಾಡು. ನನಗೆ ಮೊದಲಿಂದಲೂ ತಾಳ್ಮೆ ಇಲ್ಲ. ನಾಲ್ಕು ಮುಗಿಯುವ ಮುಂಚೆಯೇ ನುಗ್ಗುತ್ತೇನೆ. "ನನ್ನ ಬಾಯಲ್ಲಿ ಇರೋದೇ ನಾಲ್ಕು ಮಾತು, ಅದನ್ನೂ ಮುಗಿಸೋಕೆ ಬಿಡಲ್ವಲ್ಲೋ," ಅಂತ ಅಣ್ಣ ಎಷ್ಟು ಸಲ ಹೇಳಿದ್ದಾನೋ. ಆವತ್ತು ಏಳನೇ ಹಾಡಿಗೆ ಅವನು ನಾಲ್ಕು ಅನ್ನುತ್ತಿದ್ದ ಹಾಗೇ ಗಿಟಾರು ಬಾರಿಸಿಬಿಟ್ಟೆ. ನಿಲ್ಲಿಸಿ ಮತ್ತೆ ಶುರು ಮಾಡೋಣ ಅಂದರೆ ಅಣ್ಣನೇ ನಕ್ಕು, "ಇರ್ಲಿ ಬಿಡು, ಹಿಂಗೇ ಚೆನ್ನಾಗಿದೆ," ಅಂದಿದ್ದ. ಅಲ್ಲಿ ನನ್ನ ಗಿಟಾರು ನಾಲ್ಕರಿಂದಲೇ ಶುರು. ಹಾಗಾಗಿ ಕತ್ತರಿಯೂ ನಾಲ್ಕಕ್ಕೆ ಮುಂಚೆಯೇ ನಿಂತಿತ್ತು.

ಕತ್ತರಿಸಿದ ಹಾಡಿನಲ್ಲಿ ಒಂದೊಂದು ಮೈಕಿನ ಸದ್ದೂ ಬೇರೆಬೇರೆಯಾಗೇ ಉಳಿದಿತ್ತು; ಡ್ರಮ್ಸಿನ ಮೇಲೆ ತೂಗಿದ್ದ ಮೈಕಿನದನ್ನು ಮಾತ್ರ ಬಿಟ್ಟು ಉಳಿದದ್ದೆಲ್ಲ ಮುಚ್ಚಿ, ಏಳನೇ ಹಾಡು ಹಾಕಿದೆ. ಮೊದಲು ಬಂದದ್ದು ನನ್ನ ಗಿಟಾರಿನ ಅಬ್ಬರ. ಎರಡನೇ ಸಲ, ಮೂರನೇ ಸಲ. ಅಬ್ಬರದ ಕೆಳಗೆ, ನೀರಿನ ತಳದಲ್ಲಿ ಬಿದ್ದ ನಾಣ್ಯದ ಹಾಗೆ, ಇತ್ತು. ನಾಲ್ಕು.

ಕಂಬ ಎದ್ದು ಗೋಡೆ ಕಡೆ ಮುಖ ಮಾಡಿ ನಿಂತ.

ಅಮ್ಮನನ್ನು ಕರೆದೆ. ಕೈ ಒರೆಸಿಕೊಳ್ಳುತ್ತ ಬಂದಳು. ಕೂರೋಕೆ ಬೇರೆ ಜಾಗವಿರಲಿಲ್ಲ, ಅಣ್ಣನ ಸ್ಟೂಲಿನ ಮೇಲೇ ಕೂತಳು. ಮೊದಲು ನಿಜ ಹೇಳಿದೆ. ಎಲ್ಲ ಇತ್ತು, ನಾನೇ ಅಳಿಸಿದೆ, ಒಂದೇ ಒಂದು ಉಳಿದಿದೆ ಅಂತ. ಅಮ್ಮ ನನ್ನ ಮುಖ ನೋಡಿದಳು. ಕೆನ್ನೆಗೆ ಒಂದು ಬಾರಿಸಿದ್ದರೆ ಚೆನ್ನಾಗಿತ್ತು. "ಗೊತ್ತಿದ್ದು ಮಾಡಿದ್ಯಾ," ಅಂದಳು ಅಷ್ಟೇ. ಕೇಳಿದಳೋ ಸಮಾಧಾನ ಹೇಳಿದಳೋ ಇವತ್ತಿಗೂ ಗೊತ್ತಾಗಿಲ್ಲ.

ಹೆಡ್‌ಫೋನು ಅವಳ ತಲೆಗೆ ದೊಡ್ಡದು. ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಳು. ಹಾಕಿದೆ.

"ಬರೀ ಕರ್ರ್ ಅಂತಿದೆ."

ಮತ್ತೆ ಹಾಕಿದೆ. ಮತ್ತೆ. ನಾಲ್ಕನೇ ಸಲಕ್ಕೋ ಐದನೇ ಸಲಕ್ಕೋ ಅವಳ ಕೈ ಮೇಲೆದ್ದಿತು.

"ಇದಾನೆ," ಅಂದಳು. "ಕೆಳಗೆ ಇದಾನೆ." ಕಣ್ಣು ಮುಚ್ಚಿಕೊಂಡಳು. "ನೀನು ಸ್ವಲ್ಪ ಸುಮ್ಮನಿರು ಮಗಾ. ನಿನ್ನ ಗಿಟಾರ್ ಒಂದು ಕ್ಷಣ ನಿಲ್ಲಿಸು. ಅಣ್ಣ ಮಾತಾಡಲಿ."

ಚಿಕ್ಕಂದಿನಿಂದ ಊಟಕ್ಕೆ ಕೂತಾಗಲೆಲ್ಲ ಅವಳು ಹೇಳುತ್ತಿದ್ದ ಮಾತು ಅದು. ನೀನು ಸುಮ್ಮನಿರು, ಅಣ್ಣ ಮಾತಾಡಲಿ.

"ಆಗಲ್ಲಮ್ಮ," ಅಂದೆ. "ಇಬ್ಬರೂ ಒಂದೇ ಮೈಕಿನೊಳಗೆ ಇದೀವಿ. ನನ್ನ ತೆಗೆದ್ರೆ ಅವನೂ ಹೋಗ್ತಾನೆ."

ಅಮ್ಮ ತಲೆಯಾಡಿಸಿದಳು. ಎದುರಿಗಿದ್ದ ಡ್ರಮ್ಸಿನ ಚರ್ಮದ ಮೇಲೆ ಕೋಲು ಬಿದ್ದೂ ಬಿದ್ದೂ ಆದ ಕಲೆಯ ಮೇಲೆ ಬೆರಳಾಡಿಸಿದಳು.

"ಉಳಿದ ಮೂರು ನನಗೆ ಗೊತ್ತು," ಅಂದಳು. "ಹನ್ನೊಂದು ವರ್ಷ ಗೋಡೆಯಾಚೆ ಕೇಳಿದೀನಿ. ನಾನು ಹೇಳ್ತೀನಿ, ನಿನ್ನ ಸಮಯಕ್ಕೆ ನೀನು ಅವನ ನಾಲ್ಕು ಹಾಕು. ಮುಂಚೆ ನುಗ್ಗಬೇಡ."

ನಾನು ಬೆರಳು ಗುಂಡಿಯ ಮೇಲಿಟ್ಟೆ. ಅಮ್ಮ ಬೆರಳಿನಿಂದ ಡ್ರಮ್ಮಿನ ಅಂಚು ತಟ್ಟುತ್ತ, ಅಣ್ಣನದೇ ವೇಗದಲ್ಲಿ, ಅಡುಗೆಮನೆಯ ದನಿಯಲ್ಲಿ ಎಣಿಸಿದಳು.

"ಒಂದು. ಎರಡು. ಮೂರು."

ಮೂರು ಪೂರ್ತಿ ಮುಗಿಯುವವರೆಗೆ ಕಾದೆ. ಆಮೇಲೆ ಒತ್ತಿದೆ.