ಎರಡು ಕೊಕ್ಕೆ

“ಎತ್ತಬೇಡಿ!”

ಹಲಗೆಗೆ ಕೈ ಹಾಕಿದ್ದ ನಾಲ್ವರು ಹಿಂದೆ ಸರಿದರು. ಹಲಗೆಯ ಮೇಲೆ ಬಿಳಿ ಬಟ್ಟೆಯಡಿ ಕೂಗಿದವನ ಹೆಂಡತಿ ಮಲಗಿದ್ದಳು.

“ಭಾವ, ಹೊತ್ತಾಯ್ತು,” ಎಂದ ಅವಳ ತಮ್ಮ.

“ಆಗ್ಲಿ. ಮೂವತ್ತು ವರ್ಷ ಪ್ರೆಸ್ಸಲ್ಲಿ ನಿಂತೇ ಅಚ್ಚುಮೊಳೆ ಜೋಡಿಸಿದವಳು. ಇನ್ನೊಂದು ಗಳಿಗೆ ಮಲಗಲಿ.”

ಗಂಡ ಅದೇ ಅಚ್ಚುಕೂಟದಲ್ಲಿ ಮೆಷಿನ್ ಓಡಿಸಿದವನು. ಅವನ ಕಣ್ಣು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಮುದುಕನ ಮೇಲಿತ್ತು. ಗಣಿತದ ಮೇಷ್ಟ್ರು.

*

ಮೇಷ್ಟ್ರ ಪುಸ್ತಕಕ್ಕೆ ಅಚ್ಚುಮೊಳೆ ಜೋಡಿಸುವಾಗ ಅವಳೊಂದು ತಪ್ಪು ಮಾಡಿದ್ದಳು. ಉದ್ದ ಕೊಕ್ಕೆಯಂಥ ಚಿಹ್ನೆ ಪುಟಪುಟದಲ್ಲೂ ಅಕ್ಕಪಕ್ಕ ಎರಡೆರಡು ಸಲ ಇತ್ತು. ಕೈತಪ್ಪಿ ಬರೆದಿದ್ದಾರೆಂದು ಒಂದೊಂದನ್ನು ತೆಗೆದುಹಾಕಿದ್ದಳು. ಉಪಕಾರವೆಂದೇ ತಿಳಿದಿದ್ದಳು.

ಮೇಷ್ಟ್ರು ಪ್ರೂಫ್ ಹಾಳೆಗಳನ್ನು ಎಲ್ಲರೆದುರೇ ಎಸೆದರು. ಅವಳು ಬಗ್ಗಿ ಆಯ್ದುಕೊಂಡು, “ಎರಡು ಯಾಕೆ ಬೇಕು ಸಾರ್?” ಎಂದಳು.

“ಜೋಡಿಸೋದು ನಿಮ್ಮ ಕೆಲಸ ತಾಯಿ. ಅರ್ಥ ಮಾಡ್ಕೊಳ್ಳೋಕೆ ಬೇರೆಯವರಿದ್ದಾರೆ.”

ಆಮೇಲೆ ಹಿಟ್ಟು ನಾದುವಾಗಲೂ ಅದರ ಮೇಲೆ ಬೆರಳಿನಿಂದ ಎರಡು ಕೊಕ್ಕೆ ಎಳೆಯುತ್ತಿದ್ದಳು. “ಒಂದು ಸಾಲದಾ ಅಂತೀನಿ. ಏನಿರಬಹುದು ರೀ?”

“ಹೋಗಿ ಕೇಳೇ. ನುಂಗ್ತಾರಾ?”

“ಒಬ್ಳೇ ಹೋಗಲ್ಲ. ನೀವೂ ಬನ್ನಿ.”

“ನಾಳೆ ನೋಡೋಣ.”

*

“ಬನ್ನಿ ಸಾರ್. ಈಗ ಹೇಳಿ ಇವಳಿಗೆ. ಎರಡು ಯಾಕೆ?” ಎಂದ ಗಂಡ.

“ಭಾವ, ಹೆಣದ ಮುಂದೆ ಲೆಕ್ಕದ ಪಾಠನಾ?”

“ಮಗ್ಗಿ ಹೇಳೋಕೆ ಅತ್ತವನು ನೀನು. ಸುಮ್ನಿರೋ.”

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಮೇಷ್ಟ್ರಿಗೆ ನೆನಪಾಯಿತು, ಮುಖ ಇಳಿಯಿತು. ಹಲಗೆಯ ಪಕ್ಕ ಮೊಣಕಾಲೂರಿದರು.

“ಈ ಬಟ್ಟೆ ನೋಡಮ್ಮ,” ಎಂದು ಅವಳಿಗೇ ಹೇಳಿದರು. “ಒಂದೊಂದು ಕಡೆ ಒಂದೊಂದು ಎತ್ತರ. ಇದರಡಿ ಒಟ್ಟು ಎಷ್ಟಿದೆ ಅಂತ ತಿಳೀಬೇಕು. ಕೊಕ್ಕೆ ಅಂದ್ರೆ ಕೂಡಿಸು ಅಂತ. ಮೊದಲು ಅಡ್ಡಕ್ಕೆ ಒಂದು ಗೆರೆ. ಈ ಅಂಚಿಂದ ಆ ಅಂಚಿನವರೆಗೆ ಎತ್ತರ ಕೂಡಿಸ್ತಾ ಹೋಗೋದು. ಅದು ಒಳಗಿನ ಕೊಕ್ಕೆ. ಆಮೇಲೆ ಅಂಥ ಗೆರೆಗಳನ್ನೆಲ್ಲ ತಲೆಯಿಂದ ಕಾಲಿನವರೆಗೆ ಕೂಡಿಸೋದು. ಅದು ಹೊರಗಿನದು. ಒಂದೇ ಕೊಕ್ಕೆ ಇದ್ರೆ ಒಂದೇ ಗೆರೆ ಸಿಗತ್ತೆ ತಾಯಿ, ಪೂರ್ತಿ ಸಿಗಲ್ಲ.” ಬಟ್ಟೆಯ ಅಂಚು ಸರಿಮಾಡಿ, “ಅವತ್ತೇ ಹೇಳಬಹುದಿತ್ತು,” ಎಂದರು.

ಗಂಡ ಬಾಗಿ ಹೆಂಡತಿಯ ಹಣೆಯ ಮೇಲೆ ಅಂಗೈ ಇಟ್ಟ. ಬಟ್ಟೆಯ ಮೇಲೆಯೇ ಈ ಅಂಚಿನಿಂದ ಆ ಅಂಚಿಗೆ ಸವರಿದ. ಒಂದು ಬೆರಳಷ್ಟು ಕೆಳಗೆ ಬಂದು ಮತ್ತೆ ಸವರಿದ. ಕಣ್ಣು, ಮೂಗು, ಗಲ್ಲ. ಮೊಣಕಾಲು ದಾಟಿ ಪಾದಕ್ಕೆ ಬಂದಾಗ ಕೈ ನಿಧಾನವಾಯಿತು.

“ಆಯ್ತಾ ಭಾವ?”

“ಇನ್ನೊಂದು ಗೆರೆ ಇದೆ,” ಎಂದ. ಅಂಗೈ ಅವಳ ಕಾಲ ಹೆಬ್ಬೆರಳ ಮೇಲೆ ನಿಂತುಬಿಟ್ಟಿತ್ತು.