ಲಾಭ, ಮೂರು, ನಾಲ್ಕು, ಎರಡು

೨೦೨೪ರ ಮಾರ್ಚ್ ೧೪, ಗುರುವಾರ, ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ಕೆರೆಯ ದಂಡೆಯಲ್ಲಿ ನಿಂತಿದ್ದ ಹಳೆಯ ಪೆಟ್ರೋಲ್ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ವಿಮಲ ನಾಲ್ಕು ಹೊಸ ಪ್ಲಗ್ ವೈರುಗಳನ್ನು ಸಾಲಾಗಿ ಇಟ್ಟಳು. ಮಧ್ಯಾಹ್ನದೊಳಗೆ ಈ ಟ್ರ್ಯಾಕ್ಟರು ಪಂಪು ತಿರುಗಿಸದಿದ್ದರೆ ಎರಡೂವರೆ ಎಕರೆ ಕಾಪಿಗೆ ಈ ವರ್ಷ ಹೂವಿಲ್ಲ.

ಸೋಮವಾರ ಸಂಜೆ ಎಂಟು ಮಿಲಿಮೀಟರ್ ಮಳೆ ಬಿದ್ದಿತ್ತು. ಬೀಳದೇ ಇದ್ದಿದ್ದರೆ ಒಳ್ಳೆಯದಿತ್ತು. ಮೊಗ್ಗು ಎಚ್ಚರಗೊಳ್ಳಲು ಅಷ್ಟು ಸಾಕು, ಅರಳಲು ಸಾಲದು. ಮೂರು ದಿನದೊಳಗೆ ಮತ್ತೆ ನೀರು ಸಿಗದಿದ್ದರೆ ನಸುಗೆಂಪಾಗಿ ಕೊಂಬೆಯಲ್ಲೇ ಒಣಗುತ್ತದೆ. ಕರೆಂಟ್ ಮೋಟಾರು ಸುಟ್ಟು ರಿಪೇರಿಗೆಂದು ಬತ್ತೇರಿ ಪೇಟೆಯಲ್ಲಿತ್ತು. ಬಾಡಿಗೆ ಪಂಪು ಎಲ್ಲೂ ಇರಲಿಲ್ಲ. ಆ ಹಾಳು ಮಳೆ ಕೇಣಿಚಿರ ಊರಿನ ಎಲ್ಲರ ತೋಟಕ್ಕೂ ಬಿದ್ದಿತ್ತಲ್ಲ. ಉಳಿದದ್ದು ಮಾವನ ಟ್ರ್ಯಾಕ್ಟರು, ಅದರ ವೈರುಗಳನ್ನು ಇಲಿಗಳು ಕಡಿದಿದ್ದವು. ಅಳತೆಗೆಂದು ವಿಮಲ ನಾಲ್ಕನ್ನೂ ಕಿತ್ತು ಬತ್ತೇರಿಯ ಅಂಗಡಿಗೆ ಒಯ್ದಿದ್ದಳು.

"ನಾಲ್ಕನ್ನೂ ಒಟ್ಟಿಗೇ ಕಿತ್ತಿರಾ ಚೇಚಿ?" ಮೀನಂಗಡಿ ಪೇಟೆಯಿಂದ ಬಂದ ಮಲಯಾಳಿ ಮೆಕ್ಯಾನಿಕ್ ಸುಮೇಶ್ ಹಣೆ ಚಚ್ಚಿಕೊಂಡ. "ಬಿ.ಎಸ್ಸಿ. ಓದಿದವರು ಮಾಡುವ ಕೆಲಸವಾ ಇದು?"

"ನಾನು ಓದಿದ್ದು ಫಿಸಿಕ್ಸು ಸುಮೇಶಾ, ಟ್ರ್ಯಾಕ್ಟರಲ್ಲ."

ಪ್ಲಗ್ಗುಗಳು ಕಿಡಿ ಹಾರಿಸುವ ಸರದಿ ಅವನಿಗೆ ಬಾಯಿಪಾಠ: ಒಂದು, ಮೂರು, ನಾಲ್ಕು, ಎರಡು. ಆದರೆ ವೈರುಗಳು ಹೊರಡುವ ಕರಿಯ ಮುಚ್ಚಳದಲ್ಲಿ ನಾಲ್ಕು ಗೂಡು. ಯಾವ ಗೂಡು ಯಾವ ಪ್ಲಗ್ಗಿನದು? ಒಂದು ಗೊತ್ತಾದರೆ ಉಳಿದ ಮೂರು ತಾವಾಗಿ ಕೂರುತ್ತವೆ. ವಿಮಲ ಮುಚ್ಚಳ ಒರೆಸಿದಳು. ಒಂದು ಗೂಡಿನ ಪಕ್ಕ ಮೊಳೆಯಲ್ಲಿ ಗೀಚಿದ ಅಕ್ಷರ ಕಂಡಿತು: ಲ.

"ನಮ್ಮ ಮಲಯಾಳದ ಲ ಕೂಡ ಹೆಚ್ಚುಕಡಿಮೆ ಹೀಗೇ," ಎಂದ ಸುಮೇಶ್. "ಲ ಅಂದ್ರೆ ಲಾಸ್ಟ್. ಕೊನೇ ಪ್ಲಗ್ಗು. ಶರಿ, ಸುಲಭವಾಯ್ತು."

ಹತ್ತು ಮಾರು ದೂರದಲ್ಲಿ ಮಾವ ಪದ್ಮಪ್ಪ ಗೌಡರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಲಕ್ವ ಹೊಡೆದು ಹದಿನಾಲ್ಕು ತಿಂಗಳಾಗಿತ್ತು. ಬಲಭಾಗ ಸ್ವಾಧೀನದಲ್ಲಿರಲಿಲ್ಲ. ಉಳಿದ ನಾಲ್ಕೈದು ಮಾತುಗಳೂ ಕರೆದಾಗ ಬರುತ್ತಿರಲಿಲ್ಲ; ಹೌದಕ್ಕೂ ಅಲ್ಲಕ್ಕೂ ಒಂದೇ ತರಹ ತಲೆಯಾಡಿಸುತ್ತಿದ್ದರು. ಈಗ ತಲೆಯಾಡಿಸಿ ಅಂದರು: "ಲಾಭ."

"ಏನು ಮಾವ?"

"ಲಾಭ. ಲಾಭ!"

"ಕಾಪಿಗೆ ರೇಟು ಬಂದದ್ದು ಗೌಡರ್ ಕಿವಿಗೂ ಬಿದ್ದಿದೆ," ಸುಮೇಶ್ ನಕ್ಕ.

ಮುದುಕರು ಎಡಗೈ ಎತ್ತಿ ರೇಡಿಯೇಟರಿನ ಕಡೆ ತೋರಿಸಿದರು. ವಿಮಲ ಅದರ ಮುಚ್ಚಳ ತೆಗೆದು ನೀರು ತುಂಬಿರುವುದನ್ನು ತೋರಿಸಿದಳು, ಸಮಾಧಾನಕ್ಕೆ ಇನ್ನೊಂದು ಚೊಂಬು ಸುರಿದಳು. ಅವರು ಕಣ್ಣು ಮುಚ್ಚಿಕೊಂಡರು.

ವೈರು ಹಾಕಿ ಹ್ಯಾಂಡಲ್ ತಿರುಗಿಸಿದರೆ ಇಂಜಿನ್ ಕೆಮ್ಮಿತು. ಕಾರ್ಬ್ಯುರೇಟರಿನಿಂದ ಪಟ್ಟೆಂದು ಹೊಗೆ ಬಂತು, ಅಷ್ಟೆ. ಸುಮೇಶ್ ಕಾರ್ಬ್ಯುರೇಟರ್ ಬಿಚ್ಚಿ ತೊಳೆದ. ಪ್ಲಗ್ಗು ಉಜ್ಜಿದ. ಹನ್ನೊಂದಕ್ಕೆ ಕಂಡೆನ್ಸರ್ ಬದಲಿಸಿದ. ಮೊದಲ ಪ್ಲಗ್ಗಿನ ತೂತಿಗೆ ಬೆರಳಿಟ್ಟು ಗಾಳಿಯ ಒತ್ತಡ ನೋಡಿದ್ದರೆ ಐದು ನಿಮಿಷದಲ್ಲಿ ನಿಜ ತಿಳಿಯುತ್ತಿತ್ತು. ಆದರೆ ಗುರುತು ಇತ್ತಲ್ಲ, ಬರೆದಿಟ್ಟದ್ದನ್ನು ಯಾರು ಪರೀಕ್ಷಿಸುತ್ತಾರೆ?

ಪ್ರತಿ ಸಲ ಹ್ಯಾಂಡಲ್ ತಿರುಗಿದಾಗಲೂ ಕುರ್ಚಿಯಿಂದ "ಲಾಭ".

ಒಂದು ಗಂಟೆಗೆ ವಿಮಲ ತೋಟಕ್ಕೆ ಹೋಗಿ ಬಂದಳು. ಬಿಸಿಲಿಗೆ ಬಿದ್ದ ಸಾಲಿನಲ್ಲಿ ಮೊಗ್ಗಿನ ತುದಿಗೆ ಕೆಂಪು ಹತ್ತತೊಡಗಿತ್ತು. ಬರುತ್ತಲೇ ಮತ್ತೆ ಅದೇ ಮಾತು ಕೇಳಿತು.

"ಸಾಕು ಮಾವ! ಯಾವ ಲಾಭ? ಅಲ್ಲಿ ಮೊಗ್ಗು ಸಾಯ್ತಾ ಇದೆ."

ಪದ್ಮಪ್ಪ ಎಡಗೈಯಿಂದ ಕುರ್ಚಿಯ ತೋಳನ್ನು ಒಮ್ಮೆ ಗುದ್ದಿದರು.

ನಾಲ್ಕೂ ಇಪ್ಪತ್ತಕ್ಕೆ ಅಮ್ಮಾಳು ಎದ್ದು ಬಂದಳು. ಪಣಿಯ ಬುಡಕಟ್ಟಿನ ಹೆಂಗಸು, ಐವತ್ತು ವರ್ಷದಿಂದ ಈ ಮನೆಯ ಗದ್ದೆ ತೋಟಗಳಲ್ಲಿ ದುಡಿದವಳು. ಬೆಳಗ್ಗೆ ತೋಟದ ತುಂಬ ಪೈಪು ಹಾಸಿ, ಬಾರದ ನೀರಿಗೆ ಕಾದು ಕೂತಿದ್ದಳು.

"ಅಮ್ಮಾ, ಗೌಡರು ಒಂದು ಅಂತ ಹೇಳ್ತಾ ಇರೋದು."

"ಲಾಭ ಅಂತ ಹೇಳ್ತಿದ್ದಾರೆ ಅಮ್ಮಾಳು."

"ಅದೇ. ಹಿಂದೆ ನಮಗೆ ಕೂಲಿಗೆ ಭತ್ತ ಅಳೀತಿದ್ರಲ್ಲ. ಮೊದಲನೇ ಸೇರಿಗೆ ಒಂದು ಅನ್ನೋ ಹಾಗಿಲ್ಲ, ಲಾಭ ಅನ್ಬೇಕು. ಆಮೇಲೆ ಎರಡು, ಮೂರು." ಅವಳು ಎಲೆಯಡಿಕೆ ಉಗಿದು ಬಂದಳು. "ನಮ್ಮ ಮೊರಕ್ಕೆ ಲಾಭ, ಎರಡು, ಅಷ್ಟಕ್ಕೇ ಮುಗೀತಿತ್ತು."

ವಿಮಲ ಹಾಸನದ ಮೇಷ್ಟರ ಮಗಳು, ಅಂಗಡಿಯಲ್ಲಿ ತೂಗಿಸಿ ತಂದ ಅಕ್ಕಿ ತಿಂದು ಬೆಳೆದವಳು; ಸೇರಿನ ಈ ಎಣಿಕೆ ಕೇಳಿರಲಿಲ್ಲ. ಅವಳು ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನೀವು ಗೀಚಿದ ಲ ಅಂದ್ರೆ ಒಂದಾ ಮಾವ? ರೇಡಿಯೇಟರ್ ಪಕ್ಕದ ಮೊದಲ ಪ್ಲಗ್ಗಾ?"

"ಲಾಭ," ಅಂದರು ಪದ್ಮಪ್ಪ. ದನಿಯಲ್ಲಿ ಗೆದ್ದ ಭಾವವೇನೂ ಇರಲಿಲ್ಲ.

ಸುಮೇಶ್ ಮತ್ತೆ ಕರಿಯ ಮುಚ್ಚಳಕ್ಕೆ ಕೈ ಹಾಕಿದ. ಎದುರುಬದುರು ಗೂಡುಗಳ ವೈರುಗಳನ್ನು ಅದಲುಬದಲು ಮಾಡಲು ಹಿಡಿದದ್ದು ಎರಡು ನಿಮಿಷ. ಹ್ಯಾಂಡಲ್ ಅರ್ಧ ಸುತ್ತು ಬರುವಷ್ಟರಲ್ಲಿ ಇಂಜಿನ್ ಹಿಡಿಯಿತು. ಬೆಲ್ಟು ತಿರುಗಿತು, ಪೈಪು ಉಬ್ಬಿತು, ಇಳಿಬಿಸಿಲಿನಲ್ಲಿ ನೀರು ಚಿಮ್ಮಿತು. "ಬೆಳಗ್ಗೆಯಿಂದ ಹೇಳ್ತಾನೇ ಇದ್ರಲ್ಲ ಚೇಚಿ," ಎಂದು ಅವನು ಕೈ ಒರೆಸಿಕೊಂಡ.

ಪಂಪು ಮರುದಿನ ಬೆಳಗಿನವರೆಗೆ ನಿಲ್ಲದೆ ಓಡಿತು. ಎಲ್ಲ ಗಿಡಕ್ಕೂ ನೀರು ಸಿಕ್ಕಿತು. ಆದರೆ ಮೊಗ್ಗಿನೊಳಗೆ ಆಗುವುದು ಆಗಿಹೋಗಿತ್ತೋ ಇಲ್ಲವೋ ಎಂದು ಹೊರಗಿನಿಂದ ಹೇಳುವ ಹಾಗಿರಲಿಲ್ಲ, ಕಾಯಬೇಕಿತ್ತು.

ಇಪ್ಪತ್ತೆರಡನೇ ತಾರೀಕು ವಿಮಲ ಹತ್ತು ಗಿಡ ಆರಿಸಿ, ಗಿಡಕ್ಕೆ ಹತ್ತರಂತೆ ಮೊಗ್ಗು ಎಣಿಸಿದಳು. ಯಾವ ಗಿಡದಲ್ಲೂ ಒಳ್ಳೆಯ ಕೊಂಬೆ ಹುಡುಕಲಿಲ್ಲ, ಕೆಟ್ಟದ್ದನ್ನೂ ಹುಡುಕಲಿಲ್ಲ. ಮನೆಗೆ ಬಂದಾಗ ಮಾವ ಜಗಲಿಯಲ್ಲಿದ್ದರು, ಹುಬ್ಬೆತ್ತಿ ನೋಡಿದರು. ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಒಣಗಿದ್ದು ನೂರಕ್ಕೆ ಎಪ್ಪತ್ತಮೂರು.